ಲೈನಿನ ಸೂರಿಟ್ಟು ಆಡಿದ ಆಟ

ಕಾಫಿ ಎಸ್ಟೇಟಿನಲ್ಲಿ ರೈಟರ್ ಎಂದರೆ ಕತೆ ಬರೆಯುವವನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಂಡು, ಯಾರು ಎಲ್ಲಿ ಕೆಲಸಕ್ಕೆ ಹೋಗಬೇಕೆಂದು ಹೇಳಿ, ಸಂಜೆ ಅದನ್ನೆಲ್ಲ ಪುಸ್ತಕದಲ್ಲಿ ಬರೆದಿಡುವವನು. ಗೋಣಿಬೀಡಿನ ಹತ್ತಿರದ ಒಂದು ತೋಟದಲ್ಲಿ ಇಪ್ಪತ್ತೆರಡು ವರ್ಷದಿಂದ ಇದು ನನ್ನ ಕೆಲಸ. ಇದರ ಜೊತೆಗೆ ಯಾವ ಪುಸ್ತಕದಲ್ಲೂ ಬರೆಯದ ಇನ್ನೊಂದು ಕೆಲಸವೂ ನನಗಿತ್ತು. ಸಾಹುಕಾರರ ಇಸ್ಪೀಟಿನ ಮೇಜಿಗೆ ಒಬ್ಬ ಆಟಗಾರ ಕಡಿಮೆ ಬಿದ್ದರೆ ಹೋಗಿ ಕೂರುವುದು, ಕೂತು ಸೋಲುವುದು.

ಮೊದಲೆಲ್ಲ ರಮ್ಮಿ, ಮೂರೆಲೆ ನಡೆಯುತ್ತಿತ್ತು. ಲಾಕ್‌ಡೌನ್ ಬಂದು ಮೂಡಿಗೆರೆಯ ಕ್ಲಬ್ಬಿಗೆ ಹೋಗುವುದು ನಿಂತಾಗ ಸಾಹುಕಾರರು ಫೋನಿನಲ್ಲಿ ಪೋಕರ್ ಕಲಿತರು. ಕಲಿತವರು ಸುಮ್ಮನಿರಲಿಲ್ಲ, ನಮಗೂ ಕಲಿಸಿದರು. ಒಬ್ಬೊಬ್ಬರ ಕೈಗೆ ಎರಡು ಎಲೆ ಬರುತ್ತವೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು ಎಲೆ ಬಿಚ್ಚುತ್ತಾರೆ, ಒಟ್ಟು ಏಳರಲ್ಲಿ ಒಳ್ಳೆಯ ಐದು ಯಾರದ್ದೋ ಅವರು ಗೆದ್ದಂತೆ. ಬಂಗಲೆಯಲ್ಲಿ ಇಸ್ಪೀಟು ಆಡಕೂಡದೆಂದು ಸಾಹುಕಾರರ ಮನೆಯವರು ಕಟ್ಟಪ್ಪಣೆ ಮಾಡಿದ್ದರಿಂದ ನಮ್ಮ ಆಟ ಕಾಫಿ ಕಣದ ಪಕ್ಕದ ಗೋಡೌನಿನಲ್ಲಿ. ಹಣದ ಬದಲು ಕಾಫಿ ಬೀಜ. ಹಣ್ಣು ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಬೀಜಕ್ಕೆ ಒಂದು, ಸುಲಿಯದೆ ಒಣಗಿಸಿದ ಚೆರಿ ಕಾಯಿಗೆ ಹತ್ತು ಎಂದು ಲೆಕ್ಕ. ಗೋಡೌನಿನಲ್ಲಿ ಆ ಎರಡಕ್ಕೂ ಬರವಿಲ್ಲವಾದ್ದರಿಂದ ಆಟಕ್ಕೆ ಮುಂಚೆ ಎಲ್ಲರ ಜೇಬನ್ನೂ ತಟ್ಟಿ ನೋಡುವ ತಮಾಷೆ ಬೇರೆ ಇತ್ತು.

ನಾವು ಇಂಗ್ಲಿಷಿನ ಹೆಸರುಗಳನ್ನು ಹಾಗೇ ಇಟ್ಟುಕೊಳ್ಳಲಿಲ್ಲ. ಎಲೆ ಕೆಳಗಿಟ್ಟು ಸೋಲೊಪ್ಪುವುದಕ್ಕೆ ಮೂರೆಲೆ ಆಟದ ‘ಪ್ಯಾಕ್’ ಎನ್ನುವ ಮಾತೇ ಬಂತು. ಎದುರಾಳಿ ಕಟ್ಟಿದ್ದಕ್ಕೆ ಸಮನಾಗಿ ಕಟ್ಟಿ ಅವನ ಎಲೆ ನೋಡುವುದಕ್ಕೆ ‘ಶೋ’. ಇದ್ದಬದ್ದ ಬೀಜವನ್ನೆಲ್ಲ ಒಮ್ಮೆಗೇ ಮುಂದಕ್ಕೆ ತಳ್ಳಿದರೆ ‘ಪೂರಾ’. ಸಾಹುಕಾರರು ಪೂರಾ ಅಂದರೆ ನಾನು ಪ್ಯಾಕ್. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ಅವರ ಜೀಪು ಬಂದರೆ ದಾರಿ ಬಿಟ್ಟು ಚರಂಡಿಯ ಕಡೆ ನಿಲ್ಲುವುದನ್ನು ಕೂಡ ಯಾರೂ ಹೇಳಿಕೊಟ್ಟಿರಲಿಲ್ಲ. ಕೈಯ ಎಲೆ, ಮೇಜಿನ ಎಲೆ ಸೇರಿ ಮೂರು ಎಕ್ಕ ಆಗಿದ್ದಾಗಲೂ ಪ್ಯಾಕ್ ಆಗಿದ್ದೇನೆ. ಆಮೇಲೆ ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿಯ ಮೇಲೆ ಸಾರಿಗೆ ಉಪ್ಪು ಸಾಲದೆಂದು ಹಾರಾಡಿದ್ದೇನೆ. ಅವಳಿಗೆ ಪಾಪ, ಮೂರು ಎಕ್ಕದ ವಿಷಯ ಗೊತ್ತಿಲ್ಲ.

ಈಗ ಲೈನಿನ ವಿಷಯಕ್ಕೆ ಬರುತ್ತೇನೆ. ನಮ್ಮ ತೋಟದ ಆಳುಗಳಿರುವ ಸಾಲುಮನೆಗಳಿಗೆ ಲೈನ್ ಎನ್ನುತ್ತಾರೆ. ಒಂದೇ ಗೋಡೆ ಹಂಚಿಕೊಂಡ ಹನ್ನೆರಡು ಮನೆ. ಮಾಡಿನ ಹೆಂಚು ಯಾವ ಕಾಲದ್ದೋ, ಅರ್ಧಕ್ಕರ್ಧ ಒಡೆದು, ಮೇಲೆ ಟಾರ್ಪಾಲು ಹೊದೆಸಿ, ಟಾರ್ಪಾಲಿನ ಮೇಲೆ ಕಲ್ಲು ಹೇರಿತ್ತು. ಜೂನ್ ತಿಂಗಳ ಗಾಳಿಗೆ ಕಲ್ಲು ಉರುಳುತ್ತಿತ್ತು, ಟಾರ್ಪಾಲು ಹಾರುತ್ತಿತ್ತು. ಆಗ ಒಳಗೆ ಪಾತ್ರೆ ಇಟ್ಟುಕೊಂಡು ಕೂರುವುದೇ ಕೆಲಸ. ಹೆಂಗಸರ ಗುಂಪಿಗೆ ಮೇಸ್ತ್ರಿಯಾಗಿದ್ದವರು ಒಬ್ಬರು ಹಿರಿಯ ಹೆಂಗಸು, ಎಲ್ಲರೂ ಮೇಸ್ತ್ರಮ್ಮ ಎಂದೇ ಕರೆಯುತ್ತಿದ್ದರು. ಅವರದು ಕೊನೆಯ ಮನೆ, ಗಾಳಿಗೆ ಎಲ್ಲಕ್ಕಿಂತ ಮೊದಲು ಸಿಗುವಂಥದ್ದು. ಆ ವರ್ಷ ಅವರ ಸೊಸೆ ಬಸುರಿ. ಹೆರಿಗೆ ಜೂನಿನ ಕೊನೆಗೆ ಎಂದು ಡಾಕ್ಟರು ಹೇಳಿದ್ದರು. ಸೊಸೆಗೆ ತಾಯಿ ಇಲ್ಲ, ಆದ್ದರಿಂದ ಬಾಣಂತನ ಈ ಮನೆಯಲ್ಲೇ ಆಗಬೇಕಿತ್ತು.

ಮೇಸ್ತ್ರಮ್ಮ ದಿನಾ ಹಾಜರಿ ಕೊಟ್ಟ ಮೇಲೆ ಒಂದು ನಿಮಿಷ ಅಲ್ಲೇ ನಿಲ್ಲುತ್ತಿದ್ದರು.

“ಶೀಟ್ ವಿಷ್ಯ ಎಂತಾಯ್ತು ರೈಟ್ರೇ?”

“ಹೇಳಿದೀನಿ ಮೇಸ್ತ್ರಮ್ಮ. ನೋಡುವ ಅಂದಿದಾರೆ.”

“ಹೋದ್ ವರ್ಷನೂ ನೋಡುವ ಅಂದಿದ್ರು. ನಾವಾದ್ರೆ ಎಂಗೋ ತಡ್ಕೋತೀವಿ. ಬಾಣಂತಿ ಮೈ ನೆನೆದ್ರೆ ಯಾರು ನೋಡ್ತಾರೆ?”

ನಾನು ಸುಳ್ಳು ಹೇಳುತ್ತಿರಲಿಲ್ಲ. ಮೂರು ಸಲ ಕಾಗದದಲ್ಲಿ ಬರೆದು ಕೊಟ್ಟಿದ್ದೆ. ಮಾಡಿಗೆ ಎಷ್ಟು ತಗಡಿನ ಶೀಟು, ಎಷ್ಟು ಅಡಿಯದ್ದು, ಎಷ್ಟು ಕಬ್ಬಿಣದ ಪೈಪು ಎಂದು ಅಳೆದು ಬರೆದಿದ್ದೆ. ಸಾಹುಕಾರರು ಅದನ್ನು ಓದಿ, ಮಡಿಸಿ, ಜೀಪಿನ ಗಾಜಿನ ಮುಂದೆ ಇಟ್ಟುಕೊಳ್ಳುತ್ತಿದ್ದರು. ಎರಡನೆಯ ಕಾಗದ ಅಲ್ಲೇ ಬಿಸಿಲಿಗೆ ಹಳದಿಯಾದದ್ದನ್ನು ನಾನೇ ನೋಡಿದ್ದೇನೆ. ಅವರ ಹತ್ತಿರ ದುಡ್ಡಿರಲಿಲ್ಲವೆ? ಎರಡು ವರ್ಷದಿಂದ ಕಾಫಿಗೆ ಸಿಕ್ಕ ರೇಟು ಇಡೀ ತಾಲ್ಲೂಕಿಗೇ ಗೊತ್ತು. ಹೊಸ ಜೀಪು ಬಂದಿತ್ತು, ಬಂಗಲೆಯ ಹಿಂದೆ ಟೂರಿಸ್ಟರಿಗೆಂದು ಎರಡು ಕಾಟೇಜು ಎದ್ದಿದ್ದವು. ವರ್ಷಕ್ಕೆ ನಾಲ್ಕು ದಿನ ಬಂದು ಮಲಗಿ ಹೋಗುವವರ ತಲೆಯ ಮೇಲೆ ಒಳ್ಳೆಯ ಮಂಗಳೂರು ಹೆಂಚು. ತೋಟದಲ್ಲೇ ಹುಟ್ಟಿ ತೋಟದಲ್ಲೇ ಸೊಂಟ ಬಗ್ಗಿಸಿದವರ ತಲೆಯ ಮೇಲೆ ಪ್ಲಾಸ್ಟಿಕ್ಕು. ಇದನ್ನು ಬರೆಯುವಾಗಲೂ ನನ್ನ ಕೈ ಬಿಗಿಯುತ್ತದೆ. ಲೈನಿನವರು ಮಾತ್ರ ನನ್ನ ಮೇಲೇ ಗುಮಾನಿ ಪಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನನ್ನ ಕಿವಿಗೆ ಬೀಳುವ ಹಾಗೇ ಆಡಿಕೊಂಡರು.

ಏಪ್ರಿಲ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಸಾಹುಕಾರರು ಗೋಡೌನಿಗೆ ಬರಲು ಹೇಳಿದರು. ಕಣದಲ್ಲಿ ಮೆಣಸು ಒಣಗುತ್ತಿತ್ತು. ಪಕ್ಕದ ತೋಟದವರೊಬ್ಬರು, ಸಾಹುಕಾರರ ಸ್ನೇಹಿತರು, ಊಟ ಮುಗಿಸಿಕೊಂಡು ಬಂದಿದ್ದರು. ಮಾಮೂಲಿ ಬರುವ ನಾಲ್ಕನೆಯ ಆಟಗಾರರು ಬರಲಿಲ್ಲ, ಮೂರೇ ಜನ ಕೂತೆವು. ಪಕ್ಕದ ತೋಟದವರು ಆಡುವುದರಲ್ಲಿ ಧಾರಾಳಿ. ಒಂದು ಗಂಟೆಯೊಳಗೆ ಅವರ ಬೀಜವೆಲ್ಲ ಖಾಲಿ. “ನಾನು ನೋಡ್ತಾ ಕೂರ್ತೀನಿ, ನೀವಿಬ್ರೂ ಆಡ್ಕೊಳಿ” ಎಂದು ಅವರು ಮೂಟೆಯ ಮೇಲೆ ಒರಗಿ ಕೂತರು. ಹೀಗೆ ನಾನೂ ಸಾಹುಕಾರರೂ ಇಬ್ಬರೇ ಉಳಿದೆವು.

ದೇವರಮನೆ ಗುಡ್ಡದ ಕಡೆಯಿಂದ ಒಂದು ಸಣ್ಣ ಗುಡುಗು ಕೇಳಿಸಿತು. ಮೆಣಸು ಮುಚ್ಚಬೇಕೇನೋ ಎಂದು ಎದ್ದು ಬಾಗಿಲಿಗೆ ಹೋಗಿ ನೋಡಿದೆ. ಮೋಡ ದೂರದಲ್ಲಿತ್ತು. ವಾಪಸು ಬಂದು ಕೂರುವಾಗ ಬಾಯಿಗೆ ಬಂದೇಬಿಟ್ಟಿತು.

“ಸಾರ್, ಲೈನಿನ ಶೀಟಿಂದು. ಮೇ ದಾಟಿದ್ರೆ ಕೆಲಸ ಮಾಡಕ್ಕಾಗಲ್ಲ. ಮೇಸ್ತ್ರಮ್ಮನ ಸೊಸೆ ಬೇರೆ ಬಸುರಿ.”

ಸಾಹುಕಾರರು ಎಲೆ ಕಲಸುತ್ತಿದ್ದವರು ನಿಲ್ಲಿಸಿದರು. ಸ್ನೇಹಿತರ ಮುಖ ನೋಡಿದರು, ಆಮೇಲೆ ನನ್ನ ಮುಖ.

“ಆಟದ ಮಧ್ಯ ಆಫೀಸ್ ಮಾತು ತೆಗೀಬಾರ್ದು ರೈಟ್ರೇ.”

“ಆಫೀಸಲ್ಲಿ ಮೂರ್ ಸಲ ತೆಗ್ದಿದೀನಿ ಸಾರ್.”

ಪಕ್ಕದ ತೋಟದವರು ನಕ್ಕರು. “ನೀನು ಶೀಟ್ ಹಾಕ್ಸಿದ್ರೆ ನಾಳೆ ನಮ್ ಲೈನಿನವ್ರೂ ಕುತ್ಗೆಗೆ ಕೂರ್ತಾರೆ ಮಾರಾಯ. ನಮ್ಗೂ ಸ್ವಲ್ಪ ದಾಕ್ಷಿಣ್ಯ ತೋರ್ಸು” ಎಂದರು.

ಸಾಹುಕಾರರು ಎಲೆ ಕಟ್ಟನ್ನು ಮೇಜಿನ ಮೇಲೆ ಕುಟ್ಟಿ ಸರಿಮಾಡಿ, “ಹಾಗಾದ್ರೆ ಒಂದ್ ಕೆಲ್ಸ ಮಾಡುವ” ಎಂದರು. “ಒಬ್ರ ಬೀಜ ಖಾಲಿ ಆಗೋ ತನಕ ಆಡುವ. ಈ ಆಟ ನೀವು ಗೆದ್ರೆ ಹನ್ನೆರಡು ಮನೆಗೂ ಶೀಟು, ಈ ಬೇಸಿಗೇಲೇ. ನಾನು ಗೆದ್ರೆ ಈ ವರ್ಷ ಆ ಮಾತು ನಿಮ್ ಬಾಯಲ್ಲಿ ಬರಬಾರ್ದು. ಇವ್ರು ಸಾಕ್ಷಿ. ಆಗ್ಬೋದಾ?”

ಅವತ್ತು ನನಗೆ ಎಷ್ಟು ಸಿಟ್ಟು ಬಂತೆಂದರೆ ಕಿವಿಯೆಲ್ಲ ಬಿಸಿಯಾಯಿತು. ಇದು ಪಣಕ್ಕಿಡುವ ವಸ್ತುವೆ? ಇವರ ತೋಟದಲ್ಲಿ ದುಡಿಯುವವರಿಗೆ ಸೋರದ ಮಾಡು ಕೊಡುವುದು ಇವರ ಕರ್ತವ್ಯ. ಅದನ್ನು ಇಸ್ಪೀಟಿನ ಮೇಜಿನ ಮೇಲಿಟ್ಟು, ಅದಕ್ಕೊಬ್ಬ ಸಾಕ್ಷಿಯನ್ನೂ ಕೂರಿಸಿಕೊಂಡು, ಆಗ್ಬೋದಾ ಎಂದು ನಗುತ್ತ ಕೇಳುತ್ತಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಎದ್ದು ನಿಂತು, ಆಟ ಬೇಡ, ಶೀಟು ಕೊಡಿ, ಇಲ್ಲದಿದ್ದರೆ ಕೊಡುವುದಿಲ್ಲವೆಂದು ನೀವೇ ಲೈನಿಗೆ ಬಂದು ಹೇಳಿ ಎನ್ನಬೇಕಿತ್ತು. ಆ ವಾಕ್ಯ ಪೂರ್ತಿ ಬಾಯೊಳಗೆ ತಯಾರಾಗಿತ್ತು. ನಾನು ಹೇಳಿದ್ದು “ಆಗ್ಲಿ ಸಾರ್” ಎಂದಷ್ಟೆ.

ಒಪ್ಪಿದ ಮೇಲೆ ಆಡಲೇಬೇಕಲ್ಲ. ಅವತ್ತು ಮೊದಲ ಬಾರಿಗೆ ಆ ಮೇಜಿನಲ್ಲಿ ಗೆಲ್ಲುವುದಕ್ಕೆಂದು ಆಡಿದೆ. ಅರ್ಧ ಗಂಟೆಯಲ್ಲಿ ಇಬ್ಬರ ರಾಶಿಯೂ ಹೆಚ್ಚುಕಡಿಮೆ ಸಮವಾಯಿತು. ಅವರದ್ದು ನನ್ನದಕ್ಕಿಂತ ನಾಲ್ಕೋ ಐದೋ ಬೀಜ ಕಡಿಮೆ. ಆಗ ಬಂತು ಆ ಕೈ. ನನಗೆ ಬಂದದ್ದು ಇಸ್ಪೀಟಿನ ರಾಜ, ಡೈಮನ್ ರಾಣಿ. ಮೇಜಿನ ಮೇಲೆ ಮೊದಲು ಬಿಚ್ಚಿದ ಮೂರು ಎಲೆ ಇಸ್ಪೀಟಿನ ರಾಣಿ, ಇಸ್ಪೀಟಿನ ಎಂಟು, ಡೈಮನ್ ಐದು. ನನಗೆ ರಾಣಿಯ ಜೋಡಿ ಆಯಿತು. ಒಂದು ಹಿಡಿ ಬೀಜ ಕಟ್ಟಿದೆ, ಅವರೂ ಕಟ್ಟಿದರು. ನಾಲ್ಕನೆಯದು ಕಳಾವರ್ ಎರಡು, ಯಾರಿಗೂ ಉಪಯೋಗವಿಲ್ಲದ ಎಲೆ. ಇನ್ನೂ ಒಂದು ಹಿಡಿ ಕಟ್ಟಿದೆ, ಅವರೂ ಕಟ್ಟಿದರು. ಐದನೆಯ ಎಲೆ ಇಸ್ಪೀಟಿನ ಮೂರು.

ಮೇಜಿನ ಮೇಲೆ ಈಗ ಮೂರು ಇಸ್ಪೀಟು. ಅವರ ಕೈಯಲ್ಲಿ ಇನ್ನೆರಡು ಇಸ್ಪೀಟಿದ್ದರೆ ಐದೂ ಒಂದೇ ಜಾತಿಯಾಗಿ ನನ್ನ ರಾಣಿಯ ಜೋಡಿ ಮೂರು ಕಾಸಿಗೂ ಬಾಳುವುದಿಲ್ಲ. ನಾನು ಏನೂ ಕಟ್ಟದೆ ಮೇಜು ತಟ್ಟಿ ಸುಮ್ಮನಾದೆ. ಸಾಹುಕಾರರು ಎರಡೂ ಕೈಯಿಂದ ತಮ್ಮ ರಾಶಿಯನ್ನು ಬಳಿದು ಮುಂದಕ್ಕೆ ತಳ್ಳಿದರು.

“ಪೂರಾ.”

ಶೋ ಎಂದು ಸೋತರೆ ನನ್ನ ಹತ್ತಿರ ಉಳಿಯುವುದು ನಾಲ್ಕೈದು ಬೀಜ, ಆಟ ಮುಗಿದ ಹಾಗೆ. ಪ್ಯಾಕ್ ಆದರೆ ಆಟ ಉಳಿಯುತ್ತದೆ, ಆದರೆ ಕಟ್ಟಿದ್ದೆಲ್ಲ ಹೋಗಿ ಅರ್ಧ ರಾಶಿಯಲ್ಲಿ ಒದ್ದಾಡಬೇಕು. ಶೋ ಎಂದು ಗೆದ್ದರೆ ಅಲ್ಲಿಗೆ ಶೀಟು ಬಂದ ಹಾಗೆ. ಪಕ್ಕದ ತೋಟದವರು ಮೂಟೆಯಿಂದ ಎದ್ದು ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದರು.

“ಪ್ಯಾಕ್ ಆಗಿ ರೈಟ್ರೇ. ನಿಮ್ ಒಳ್ಳೇದಕ್ಕೇ ಹೇಳೋದು. ಸಾವ್ಕಾರ್ರು ಕಾರಣ ಇಲ್ದೆ ಪೂರಾ ಹಾಕೋರಲ್ಲ.”

ಸಾಹುಕಾರರು ಕೈಕಟ್ಟಿ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ಎಲೆಗಳ ಮೇಲೆ ಕೈಯಿಟ್ಟು ಯೋಚಿಸಿದೆ. ಇಸ್ಪೀಟಿನ ರಾಜ ನನ್ನಲ್ಲೇ ಇದ್ದದ್ದರಿಂದ ಅವರಿಗೆ ಸಿಗಬಹುದಾದ ಇಸ್ಪೀಟುಗಳಲ್ಲಿ ಒಂದು ಕಡಿಮೆ. ಅದು ದೊಡ್ಡ ಧೈರ್ಯವೇನಲ್ಲ, ಇನ್ನೂ ಒಂಬತ್ತು ಎಲ್ಲೆಲ್ಲೋ ಇದ್ದವು. ಎರಡು ಸಲ ನಾನು ಕಟ್ಟಿದ್ದಕ್ಕೆ ಮಾತಿಲ್ಲದೆ ಕಟ್ಟಿದ್ದಾರೆ. ಇಸ್ಪೀಟಿಗೆ ಕಾದು ಕೂತವರು ಮಾಡುವುದೂ ಹಾಗೇ. ಎಲೆಯ ಲೆಕ್ಕ ನನ್ನನ್ನು ಆ ಕಡೆಗೂ ಕಳಿಸಲಿಲ್ಲ, ಈ ಕಡೆಗೂ ಕಳಿಸಲಿಲ್ಲ.

ಎಲೆಯನ್ನು ಬಿಟ್ಟು ಮನುಷ್ಯನನ್ನು ನೋಡಿದೆ. ಕಾಫಿ ಕೊಳ್ಳುವ ವ್ಯಾಪಾರಿ ಕಣಕ್ಕೆ ಬಂದಾಗ ಇವರು ಹೇಗಿರುತ್ತಾರೆಂದು ನನಗೆ ಗೊತ್ತು, ಸ್ಯಾಂಪಲ್ ತೆಗೆದು ಕೊಡುವವನು ನಾನೇ. ಕಾಫಿ ಚೆನ್ನಾಗಿ ಒಣಗಿದ್ದರೆ ಸಾಹುಕಾರರು ಅದರ ಮಾತೇ ಎತ್ತುವುದಿಲ್ಲ. ಕಾಫಿ ಕುಡಿಸುತ್ತಾರೆ, ಮಳೆಯ ಮಾತಾಡುತ್ತಾರೆ, ವ್ಯಾಪಾರಿಯೇ ಬೇಡಿಕೊಂಡ ಮೇಲೆ ಮೂಟೆ ಬಿಚ್ಚಿಸುತ್ತಾರೆ. ಒಳಗೆ ಹಸಿ ಉಳಿದಿದ್ದರೆ ಮಾತ್ರ ತಾವೇ ಮೂಟೆಯನ್ನು ಮುಂದಕ್ಕೆ ತಳ್ಳಿ, ನೋಡಿ, ಕಚ್ಚಿ ನೋಡಿ ಎನ್ನುತ್ತಾರೆ. ಈಗ ರಾಶಿಯನ್ನು ತಳ್ಳಿದ್ದು ಹಸಿ ಕಾಫಿಯನ್ನು ತಳ್ಳಿದ ಹಾಗಿತ್ತು. ಅಲ್ಲದೆ ನನ್ನ ಮುಂದೆ ಸುಳ್ಳು ಪೂರಾ ಹಾಕಲು ಅವರಿಗೆ ಹೆದರಿಕೆಯಾದರೂ ಏನು? ಯಾವಾಗಲೂ ಪ್ಯಾಕ್ ಆಗುವವನ ಮುಂದೆ ಒಳ್ಳೆಯ ಎಲೆ ಬೇಕೇ ಇಲ್ಲ. ಈ ಅಭ್ಯಾಸ ಮಾಡಿಸಿದವನು ನಾನೇ.

ಇಷ್ಟು ತಿಳಿದ ಮೇಲೂ ಬಾಯಿ ಬರಲಿಲ್ಲ. ತಪ್ಪಿದರೆ ಸೋಮವಾರ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಮೇಸ್ತ್ರಮ್ಮ ಬಂದು ನಿಲ್ಲುತ್ತಾರೆ, ಶೀಟ್ ವಿಷ್ಯ ಎಂತಾಯ್ತು ಅನ್ನುತ್ತಾರೆ. ಮಾತು ಕೊಟ್ಟವನು ನಾನು, ಇನ್ನು ಒಂದು ವರ್ಷ ಅವರಿಗೆ ನೋಡುವ ಎಂದು ಹೇಳುವುದಕ್ಕೂ ಇಲ್ಲ. ಮಗು ಹುಟ್ಟುವುದು ಟಾರ್ಪಾಲಿನ ಕೆಳಗೆ. ಕೈ ಬೆವೆತು ಎಲೆಗೆ ಅಂಟುತ್ತಿತ್ತು. ಎಲೆ ಕೆಳಗಿಟ್ಟು ಬಿಡುವುದೇ ಕ್ಷೇಮ ಎಂದುಕೊಂಡು ಎಲೆಗಳನ್ನು ಅರ್ಧ ಮುಂದಕ್ಕೆ ಸರಿಸಿದ್ದೆ ಕೂಡ.

“ಹಾಂ, ಜಾಣರು” ಎಂದರು ಪಕ್ಕದ ತೋಟದವರು.

ಆ ಒಂದು ಮಾತು ನನ್ನನ್ನು ಕೆರಳಿಸಿತು. ಜಾಣರಂತೆ. ಇಪ್ಪತ್ತೆರಡು ವರ್ಷ ಈ ಜಾಣತನವೇ ಮಾಡಿಕೊಂಡು ಬಂದಿದ್ದೇನೆ. ಹಿಂದೆ ಮುಂದೆ ಲೆಕ್ಕ ಹಾಕಿ, ಧೈರ್ಯ ತಂದುಕೊಂಡು ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕೇವಲ ಸಿಟ್ಟಿನಿಂದ ಎಲೆಗಳನ್ನು ವಾಪಸು ಎಳೆದುಕೊಂಡು, ನನ್ನ ರಾಶಿಯನ್ನು ಮುಂಗೈಯಿಂದ ಮುಂದಕ್ಕೆ ನೂಕಿದೆ. ಒಂದಷ್ಟು ಬೀಜ ಕೆಳಗೆ ಬಿದ್ದು ಗೋಡೌನಿನ ನೆಲದಲ್ಲೆಲ್ಲ ಉರುಳಿದವು.

“ಶೋ” ಅಂದೆ.

ಸಾಹುಕಾರರು ಎಲೆ ತಿರುಗಿಸಿದರು. ಡೈಮನ್ ಹತ್ತು, ಆಟಿನ್ ನಾಲ್ಕು. ಜೋಡಿಯಿಲ್ಲ, ಇಸ್ಪೀಟಿಲ್ಲ, ಏನೂ ಇಲ್ಲ. ಎಂಥ ದರಿದ್ರ ಎಲೆ ಎಂದರೆ ಮಕ್ಕಳು ಕೂಡ ಅದನ್ನಿಟ್ಟುಕೊಂಡು ಒಂದು ಬೀಜ ಕಟ್ಟುವುದಿಲ್ಲ.

ಪಕ್ಕದ ತೋಟದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹುಕಾರರೂ ನಕ್ಕು, ಅಲ್ಲೇ ಫೋನ್ ತೆಗೆದು ಮೂಡಿಗೆರೆಯ ಅಂಗಡಿಯವರಿಗೆ ಹನ್ನೆರಡು ಮನೆಗೆ ಶೀಟು ಬೇಕೆಂದು ಹೇಳಿದರು. ಇಸ್ಪೀಟಿನ ಸಾಲವನ್ನು ಮೇಜಿನಿಂದ ಏಳುವ ಮೊದಲೇ ತೀರಿಸಬೇಕು ಎನ್ನುವುದು ಈ ಕಡೆಯ ದೊಡ್ಡವರ ಪದ್ಧತಿ. ಅದಕ್ಕೆ ತಪ್ಪಿದರೆ ಕ್ಲಬ್ಬಿನಲ್ಲಿ ಮುಖ ತೋರಿಸುವಂತಿಲ್ಲ. ಆಳು ಮೂರು ವರ್ಷದಿಂದ ಕೇಳಿದ್ದನ್ನು ಕೊಡದಿದ್ದರೆ ಮಾತ್ರ ಯಾವ ಕ್ಲಬ್ಬಿನಲ್ಲೂ ಯಾರೂ ಕೇಳುವುದಿಲ್ಲ. “ಸಾವ್ಕಾರ್ರು ಅಂದ್ರೆ ಸಾವ್ಕಾರ್ರು, ಸೋತ್ರೂ ಎಂಥ ಗತ್ತು ನೋಡಿ” ಎಂದು ಪಕ್ಕದ ತೋಟದವರು ನನಗೇ ಹೇಳಿದರು. ನಾನು ಕೆಳಗೆ ಬಗ್ಗಿ ಬೀಜ ಆರಿಸುತ್ತಿದ್ದೆ.

ನಾಲ್ಕು ದಿನದ ನಂತರ ಶೀಟು ಆರಿಸಲು ಸಾಹುಕಾರರು ನನ್ನನ್ನು ಜೀಪಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋದರು. ನಾನು ಇನ್ನೂ ಗೆದ್ದ ಗುಂಗಿನಲ್ಲಿದ್ದೆ. ಹಸಿ ಕಾಫಿಯ ಮೂಟೆಯನ್ನು ಕಂಡುಹಿಡಿದ ನನ್ನ ಜಾಣ್ಮೆಯನ್ನು ಹೆಂಡತಿಗೆ ಎರಡು ಸಲ ಹೇಳಿ ಆಗಿತ್ತು. ಸಾಹುಕಾರರು ಗೇರು ಬದಲಿಸುತ್ತ, “ಅವತ್ತು ನಂಗೆ ಎಷ್ಟ್ ಹೆದ್ರಿಕೆ ಆಗಿತ್ತು ಗೊತ್ತಾ ರೈಟ್ರೇ” ಎಂದರು.

“ಎಂತಕ್ಕೆ ಸಾರ್?”

“ನೀವೆಲ್ಲಿ ಪ್ಯಾಕ್ ಆಗ್ಬಿಡ್ತೀರೋ ಅಂತ. ಎಲೆ ಮುಂದೆ ಬೇರೆ ತಳ್ಬಿಟ್ರಲ್ಲ ಮಾರಾಯ್ರೆ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವರಿಗೆ ಶೀಟು ಹಾಕಿಸಬಾರದೆಂದೇನೂ ಇರಲಿಲ್ಲವಂತೆ. ಆದರೆ ಆಳುಗಳು ಕೇಳಿದರು, ಇವರು ಕೊಟ್ಟರು ಎಂದಾಗಿಬಿಟ್ಟರೆ ಸುತ್ತಲಿನ ತೋಟದವರೆಲ್ಲ ಇವರ ಮೇಲೆ ಬೀಳುತ್ತಾರೆ. ಸ್ನೇಹಿತರು ಅಲ್ಲೇ ಎದುರಿಗಿದ್ದದ್ದು ಅನುಕೂಲವೇ ಆಯಿತು. ಸೋಲಬೇಕೆಂದೇ ಆಡಿದರು, ಸೋಲಬೇಕೆಂದೇ ಏನೂ ಇಲ್ಲದ ಎಲೆಗೆ ಪೂರಾ ಹಾಕಿದರು.

“ಕೇಳಿದ್ದಕ್ಕೆ ಕೊಟ್ರೆ ನಾಳೆ ಎಲ್ರೂ ಕೇಳ್ತಾರೆ. ಸೋತು ಕೊಟ್ರೆ ಯಾರೂ ಕೇಳಲ್ಲ” ಎಂದರು.

“ನಾನು ಪ್ಯಾಕ್ ಆಗಿದ್ರೆ ಸಾರ್?”

“ಇನ್ನೊಂದ್ ಕೈಗೆ ಮತ್ತೆ ಪೂರಾ ಹಾಕ್ತಿದ್ದೆ.”

“ಅದಕ್ಕೂ ಪ್ಯಾಕ್ ಆಗಿದ್ರೆ?”

ಅವರು ನಕ್ಕರು. “ಆಗ ಲೈನಿನವ್ರ ಹಣೆಬರಹ.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಾನು ಬೆವರಿದ್ದು, ನಾನು ಉರಿದದ್ದು ಎಲ್ಲ ಅವರು ಸೋಲುವುದಕ್ಕೇ ಹೂಡಿದ್ದ ಆಟದಲ್ಲಿ. ಜೀಪು ನಿಲ್ಲಿಸಿ ಎಂದು ಹೇಳಿ ಇಳಿದುಬಿಡಬೇಕೆನ್ನಿಸಿತು. ಇಳಿಯಲಿಲ್ಲ, ಶೀಟು ಆರಿಸಬೇಕಿತ್ತಲ್ಲ. ದಪ್ಪ ಶೀಟೇ ಆರಿಸಿದೆ. ಅಂಗಡಿಯವರು ತೆಳುವಿನದ್ದು ಸಾಕಾಗುತ್ತದೆ ಎಂದರು, ನಾನು ಕೇಳಲಿಲ್ಲ. ಆ ಸಿಟ್ಟಿನಲ್ಲಿ ನನ್ನಿಂದ ಆದ ಉಪಕಾರ ಅದೊಂದೇ.

ಮೇ ಕೊನೆಯ ಹೊತ್ತಿಗೆ ಹನ್ನೆರಡು ಮನೆಗೂ ನೀಲಿ ಶೀಟು ಹೊದೆಸಿ ಆಯಿತು. ಆಟದ ಕತೆ ಅಷ್ಟರೊಳಗೆ ಕ್ಲಬ್ಬಿನಿಂದ ಹೊರಟು ಗೋಣಿಬೀಡಿನ ಚಹಾ ಅಂಗಡಿಗೂ ಬಂದಿತ್ತು. ಎಲ್ಲರ ಬಾಯಲ್ಲೂ ಸಾಹುಕಾರರ ದೊಡ್ಡ ಮನಸ್ಸೇ. ಸ್ವಂತ ರೈಟರ್ ಹತ್ತಿರ ಸೋತು, ಕೊಟ್ಟ ಮಾತು ಉಳಿಸಿಕೊಂಡರಂತೆ. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಡೀ ಊರಿನಲ್ಲಿ ನಿಜ ಗೊತ್ತಿದ್ದ ಇಬ್ಬರಲ್ಲಿ ನಾನೊಬ್ಬ, ಅನ್ಯಾಯ ಆದದ್ದು ನನಗೆ ಎಂದೇ ತಿಳಿದುಕೊಂಡಿದ್ದೆ.

ಕೊನೆಯ ಮನೆಗೆ ಶೀಟು ಬಿಗಿದ ಮರುದಿನ ಮೇಸ್ತ್ರಮ್ಮ ಹಾಜರಿ ಕೊಟ್ಟು ಎಂದಿನ ಹಾಗೆ ನಿಂತರು. ಉಳಿದವರು ಮುಂದೆ ಹೋಗಲಿ ಎಂದು ಕಾದರು. ಥ್ಯಾಂಕ್ಸ್ ಹೇಳುತ್ತಾರೆಂದು ನಾನು ಪೆನ್ನು ಕೆಳಗಿಟ್ಟೆ.

“ಎಲೆ ಆಡಿ ತಂದ್ರಂತೆ ಶೀಟ್ನ. ಹೌದಾ ರೈಟ್ರೇ?”

“ಹೌದು ಮೇಸ್ತ್ರಮ್ಮ” ಎಂದು ನಡೆದದ್ದೆಲ್ಲವನ್ನೂ ಹೇಳಿದೆ. ಸಾಹುಕಾರರು ಇಟ್ಟ ಪಣ, ಪಕ್ಕದ ತೋಟದವರ ಮಾತು, ಜೀಪಿನಲ್ಲಿ ಕೇಳಿದ್ದು, ಒಂದನ್ನೂ ಬಿಡಲಿಲ್ಲ. ಎಂಥ ಜನ ನೋಡಿ,  ಕೇಳಿದ್ದಕ್ಕೆ ಕೊಟ್ಟರೆ ಮರ್ಯಾದೆ ಹೋಗುತ್ತದಂತೆ ಎಂದೂ ಸೇರಿಸಿದೆ. ನನ್ನ ಸಿಟ್ಟಿಗೆ ಒಬ್ಬರಾದರೂ ಜೊತೆಗಾರರು ಸಿಕ್ಕರೆಂದು ನನಗೆ ಸಮಾಧಾನವಾಗುತ್ತಿತ್ತು. ಮೇಸ್ತ್ರಮ್ಮ ಸಾಹುಕಾರರ ಮೇಲೆ ಒಂದು ಮಾತೂ ಆಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

“ಸೋತಿದ್ರೆ?” ಎಂದರು.

“ಸೋತಿದ್ರೆ ಈ ವರ್ಷ ನಾನು ಆ ಮಾತು ಎತ್ತೋ ಹಾಗಿರ್ಲಿಲ್ಲ.”

“ಅವ್ರು ಸೋಲಕ್ಕೇ ಆಡಿದ್ದು ಅಂತ ನಿಮ್ಗೆ ಆಗ ಗೊತ್ತಿರ್ಲಿಲ್ಲ.”

“ಇರ್ಲಿಲ್ಲ.”

“ನಮ್ ಹನ್ನೆರಡು ಮನೆಲಿ ಒಬ್ರನ್ನಾದ್ರೂ ಕೇಳಿ ಕೂತ್ರಾ ಆಡಕ್ಕೆ?”

ನಾನು ಹಾಜರಿ ಪುಸ್ತಕ ನೋಡಿದೆ. ನನ್ನ ಮನೆಯ ಮಾಡು ಸೋರುವುದಿಲ್ಲ, ಯಾವತ್ತೂ ಸೋರಿಲ್ಲ.

“ಸೋತಿದ್ರೆ ನಮ್ಗೆ ಬಂದು ಹೇಳ್ತಿದ್ರಾ ರೈಟ್ರೇ? ಇಂಗಿಂಗೆ ಆಡ್ದೆ, ನಿಮ್ ಸೂರು ಸೋತೆ, ಇನ್ ನನ್ ಕೇಳ್ಬೇಡಿ ಅಂತ? ಅಥ್ವಾ ದಿನಾ ಬೆಳಿಗ್ಗೆ ನಾನ್ ಕೇಳ್ತಾನೇ ಇರೋದು, ನೀವು ನೋಡುವ ನೋಡುವ ಅಂತಾನೇ ಇರೋದಾ?”

ಅವರು ದನಿ ಏರಿಸಲಿಲ್ಲ. ಅವರ ಹಿಂದೆ ಲೈನಿನ ಕಡೆ ಸೊಸೆ ಹೊಟ್ಟೆ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೇರೆ ಯಾರಿಗಾದರೂ ಆಗಿದ್ದರೆ ಏನಾದರೂ ನೆಪ ಹೇಳುತ್ತಿದ್ದೆನೇನೋ.

“ಹೇಳ್ತಿರ್ಲಿಲ್ಲ” ಅಂದೆ.

“ಗೊತ್ತು” ಎಂದು ಮೇಸ್ತ್ರಮ್ಮ ಕತ್ತಿ ತೆಗೆದುಕೊಂಡು ಕೆಲಸಕ್ಕೆ ಹೋದರು.